ನೆಲದೊಳಗಿನ ಒಂದೂವರೆ ಡಿಗ್ರಿ: ಮೊಸಳೆ, ಹಾವು, ಓತಿಕೇತದ ಮೊಟ್ಟೆಗಳಲ್ಲಿ ಕಾವು ಮಾಡುವ ಕೆಲಸ

ಬೇಸಿಗೆಯಲ್ಲಿ ಕೃಷ್ಣೆಯ ನೀರು ಇಳಿದು ದಂಡೆ ಬಯಲಾದಾಗ ಹೆಣ್ಣು ಮೊಸಳೆ ರಾತ್ರಿ ಹೊತ್ತು ದಡ ಹತ್ತಿ ಹಿಂಗಾಲಿನಿಂದ ಕುಣಿ ತೋಡುತ್ತದೆ. ಆಳ 35ರಿಂದ 55 ಸೆಂಟಿಮೀಟರ್, ನಮ್ಮ ತೋಳು ಮೊಣಕೈ ದಾಟಿ ಮುಳುಗುವಷ್ಟು. ಅದರಲ್ಲಿ ಇಪ್ಪತ್ತೈದು, ಮೂವತ್ತು ಮೊಟ್ಟೆ ಇಟ್ಟು, ಮಣ್ಣು ಮುಚ್ಚಿ, ಒತ್ತಿ, ಹತ್ತಿರದ ನೀರಿನಲ್ಲಿದ್ದು ಕಾಯುತ್ತದೆ. ಕೋಳಿಯಂತೆ ಕಾವಿಗೆ ಕೂರುವುದಿಲ್ಲ. ಕೂತರೂ ಫಲವಿಲ್ಲ, ಅದರ ಮೈಯಲ್ಲಿ ಕೊಡುವಷ್ಟು ಸ್ವಂತ ಬಿಸಿಯೇ ಇಲ್ಲ. ಮುಂದಿನ ಎರಡು ತಿಂಗಳು ಆ ಮೊಟ್ಟೆಗಳಿಗೆ ಕಾವು ಕೊಡುವುದು ನೆಲ. ಮೊಸಳೆಯ ಕೈಯಲ್ಲಿರುವುದು ಮೂರೇ ಆಯ್ಕೆ: ಯಾವ ಜಾಗ, ಎಷ್ಟು ಆಳ, ಯಾವ ದಿನ.

ಕಾವು ಮೊಟ್ಟೆಯೊಳಗೆ ಮೂರು ಬೇರೆ ಬೇರೆ ಕೆಲಸ ಮಾಡುತ್ತದೆ. ಬೆಳವಣಿಗೆಯ ವೇಗ ನಿರ್ಧರಿಸುವುದು ಒಂದು. ಮರಿಯ ಮೈಕಟ್ಟು ರೂಪಿಸುವುದು ಇನ್ನೊಂದು. ಮೊಸಳೆ ಮತ್ತು ಬಹುಪಾಲು ಆಮೆಗಳಲ್ಲಿ ಹುಟ್ಟುವುದು ಗಂಡೋ ಹೆಣ್ಣೋ ಎಂಬುದನ್ನು ತೀರ್ಮಾನಿಸುವುದು ಮೂರನೆಯದು. ಈ ಮೂರನ್ನೂ 'ಸರಾಸರಿ ಇಷ್ಟು ಡಿಗ್ರಿ' ಎಂಬ ಒಂದೇ ಅಂಕಿಯಲ್ಲಿ ಹೇಳಲು ಹೋದಾಗಲೇ ತಪ್ಪು ತಿಳಿವಳಿಕೆ ಶುರುವಾಗುತ್ತದೆ. ಸರಾಸರಿಯಷ್ಟು ದಾರಿ ತಪ್ಪಿಸುವ ಅಂಕಿ ಈ ವಿಷಯದಲ್ಲಿ ಬೇರೊಂದಿಲ್ಲ.

ವೇಗದ ಮಾತು ಸರಳ. ಭ್ರೂಣದ ಜೀವಕೋಶಗಳು ವಿಭಜಿಸುವುದು, ಹಳದಿಯನ್ನು ಕರಗಿಸಿ ಮೈಗೆ ಹಚ್ಚಿಕೊಳ್ಳುವುದು, ಎಲ್ಲವೂ ಕಿಣ್ವಗಳ ಕೆಲಸ. ಬಿಸಿ ಹತ್ತು ಡಿಗ್ರಿ ಏರಿದರೆ ಆ ಕೆಲಸ ಸುಮಾರು ಎರಡರಿಂದ ಮೂರು ಪಟ್ಟು ಚುರುಕಾಗುತ್ತದೆ. ನಮ್ಮ ಹೊಳೆಗಳ ಮೊಸಳೆಯ ಮೊಟ್ಟೆ ಒಡೆಯಲು 55ರಿಂದ 75 ದಿನ ಹಿಡಿಯುವುದು ಇದಕ್ಕೇ: ಬೆಚ್ಚಗಿನ ಕುಣಿಯದು ಬೇಗ, ತಂಪಿನದು ತಡ. ಆದರೆ ಈ ಏರಿಕೆಗೆ ಎರಡೂ ಕಡೆ ಗೋಡೆ ಇದೆ. ಕೆಳಗೆ ಒಂದು ಮಟ್ಟ ದಾಟಿದರೆ ಬೆಳವಣಿಗೆ ನಿಂತೇ ಹೋಗುತ್ತದೆ. ಮೇಲಿನ ಗೋಡೆ ಇನ್ನೂ ಕಠಿಣ. 34 ಡಿಗ್ರಿ ದಾಟಿ ದಿನಗಟ್ಟಲೆ ನಿಂತರೆ ಬೆನ್ನುಮೂಳೆ ಸೊಟ್ಟ, ಬಾಲ ಗಂಟು, ಸಿಪ್ಪೆಯೊಳಗೇ ಸಾವು. ಕೋಳಿಮರಿ ಮಾಡುವ ಯಂತ್ರ ನೋಡಿದವರಿಗೆ ಇದು ವಿಚಿತ್ರ ಅನ್ನಿಸಬಹುದು. ಕೋಳಿ ಮೊಟ್ಟೆಗೆ 37.5 ಡಿಗ್ರಿ ಹದವಾದ ಕಾವು, ಮೊಸಳೆ ಮೊಟ್ಟೆಗೆ ಅದೇ ಮರಣ.

ತಣ್ಣಗಾಗುವುದಕ್ಕೂ ಬಿಸಿಯಾಗುವುದಕ್ಕೂ ಇರುವ ಈ ವ್ಯತ್ಯಾಸ ನೆನಪಿಡಬೇಕಾದದ್ದು. ಒಂದು ರಾತ್ರಿ ಮೂರು ನಾಲ್ಕು ಡಿಗ್ರಿ ಇಳಿದರೆ ಭ್ರೂಣ ನಿಧಾನವಾಗುತ್ತದೆ, ಮತ್ತೆ ಬಿಸಿ ಬಂದಾಗ ಮುಂದುವರಿಯುತ್ತದೆ. ಅಷ್ಟೇ ಡಿಗ್ರಿ ಮೇಲೇರಿದರೆ ಕೆಲವೇ ಗಂಟೆಗಳಲ್ಲಿ ಪ್ರೋಟೀನುಗಳ ಮಡಿಕೆ ಕೆಡಲು ತೊಡಗುತ್ತದೆ, ಕೆಟ್ಟದ್ದೆಲ್ಲ ರಿಪೇರಿಯಾಗುವುದಿಲ್ಲ.

ಇನ್ನು ಗಂಡು, ಹೆಣ್ಣಿನ ಪ್ರಶ್ನೆ. ನಮ್ಮಲ್ಲಿ ಅದು ಗರ್ಭ ನಿಂತ ಕ್ಷಣವೇ ಎಕ್ಸ್, ವೈ ವರ್ಣತಂತುಗಳಿಂದ ತೀರ್ಮಾನವಾಗುತ್ತದೆ. ಮೊಸಳೆಗಳಿಗೆ ಲಿಂಗ ವರ್ಣತಂತುಗಳೇ ಇಲ್ಲ. ಕಾವೇ ಲಿಂಗ ತೀರ್ಮಾನಿಸುವ ಇಂಥದ್ದೊಂದು ವ್ಯವಸ್ಥೆ ಇದೆಯೆಂದು ಮೊದಲು ವರದಿಯಾದದ್ದು 1966ರಲ್ಲಿ. ಫ್ರೆಂಚ್ ವಿಜ್ಞಾನಿ ಮ್ಯಾಡಲೀನ್ ಶಾರ್ನಿಯೆ ಸೆನೆಗಲ್ ದೇಶದ ಡಕಾರ್‌ನಲ್ಲಿ ಅಗಾಮ ಎಂಬ ಓತಿಯ ಮೊಟ್ಟೆಗಳಲ್ಲಿ ಇದನ್ನು ಗುರುತಿಸಿದರು. ನಮ್ಮ ಮೊಸಳೆಯ ಲೆಕ್ಕ ಸಿಕ್ಕದ್ದು ಚೆನ್ನೈ ಬಳಿಯ ಮೊಸಳೆ ಸಂರಕ್ಷಣಾ ಕೇಂದ್ರವಾದ ಮದ್ರಾಸ್ ಕ್ರೊಕೊಡೈಲ್ ಬ್ಯಾಂಕಿನಲ್ಲಿ. ಜೆಫ್ರಿ ಲ್ಯಾಂಗ್, ಹ್ಯಾರಿ ಆಂಡ್ರ್ಯೂಸ್ ಮತ್ತು ರೋಮ್ಯುಲಸ್ ವಿಟೇಕರ್ 1989ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, 28ರಿಂದ 31 ಡಿಗ್ರಿಯಲ್ಲಿ ಸ್ಥಿರವಾಗಿಟ್ಟ ಮೊಟ್ಟೆಗಳಿಂದ ಬಂದವೆಲ್ಲ ಹೆಣ್ಣು. ಗಂಡುಗಳು ಕಾಣಿಸಿಕೊಳ್ಳುವುದು ಅದರ ಮೇಲೆ. 32.5ರ ಆಸುಪಾಸಿನಲ್ಲಿ ಗಂಡುಗಳದೇ ಪ್ರಾಬಲ್ಯ, ಅದನ್ನು ದಾಟಿ 33ಕ್ಕೆ ಹೋದರೆ ಮತ್ತೆ ಹೆಣ್ಣುಗಳು ಬೆರೆಯುತ್ತವೆ. ಅಂದರೆ ಎಲ್ಲವೂ ಹೆಣ್ಣಾಗುವ 31ಕ್ಕೂ ಗಂಡುಗಳ ತುದಿ 32.5ಕ್ಕೂ ನಡುವೆ ಇರುವುದು ಒಂದೂವರೆ ಡಿಗ್ರಿ. ಒಂದು ಹೊಳೆಯ ಮೊಸಳೆಗಳ ಮುಂದಿನ ಪೀಳಿಗೆ ಇಷ್ಟು ಸಣ್ಣ ಅಂತರದ ಮೇಲೆ ನಿಂತಿದೆ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಥರ್ಮಾಮೀಟರ್ ಒಂದು ಡಿಗ್ರಿ ತಪ್ಪು ತೋರಿಸುವುದು ಮಾಮೂಲು ಎಂಬುದನ್ನು ಇದರ ಪಕ್ಕ ಇಟ್ಟು ನೋಡಿ.

ಎಲ್ಲ ಜಾತಿಗಳಿಗೂ ಇದೇ ದಿಕ್ಕು ಎಂದುಕೊಳ್ಳಬಾರದು. ಅಮೆರಿಕದ ಕೆಂಪುಕಿವಿಯ ಆಮೆಯಲ್ಲಿ 26 ಡಿಗ್ರಿಗೆ ಗಂಡು, 31ಕ್ಕೆ ಹೆಣ್ಣು. ಕಡಲಾಮೆಗಳದ್ದೂ ಹಾಗೆಯೇ, ಬಿಸಿಗೆ ಹೆಣ್ಣು. ಬೇಲಿಯ ಮೇಲೆ ತಲೆ ಆಡಿಸುವ ನಮ್ಮ ಓತಿಕೇತದಲ್ಲಿ ಬಿಸಿ ಏರುತ್ತ ಹೋದಂತೆ ಹೆಣ್ಣು, ಗಂಡು, ಮತ್ತೆ ಹೆಣ್ಣು, ಮತ್ತೆ ಗಂಡು ಎಂದು ನಾಲ್ಕು ಪಟ್ಟಿ ಬರುತ್ತದೆಂದು 2012ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಅದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರ ಕೆಲಸ. ನಮ್ಮ ಮನೆಯ ಹಿತ್ತಲಲ್ಲೇ ಇರುವ ಪ್ರಾಣಿಯಲ್ಲಿ ಇಂಥದ್ದು ಸಿಕ್ಕದ್ದು ನಿಜಕ್ಕೂ ದೊಡ್ಡ ಸಂಗತಿ.

ಬಿಸಿ ಹೇಗೆ ಲಿಂಗವಾಗುತ್ತದೆ? ಭ್ರೂಣದಲ್ಲಿ ಮೊದಲು ಮೂಡುವ ಲೈಂಗಿಕ ಗ್ರಂಥಿ ಅತ್ತ ವೃಷಣವೂ ಅಲ್ಲ, ಇತ್ತ ಅಂಡಾಶಯವೂ ಅಲ್ಲ. ಅದು ಎರಡೂ ಆಗಬಲ್ಲದು. ಕೆಂಪುಕಿವಿಯ ಆಮೆಯಲ್ಲಿ ಇದರ ಒಳಯಂತ್ರ ಸಾಕಷ್ಟು ಬಿಚ್ಚಿಕೊಂಡಿದೆ. ತಂಪಿನಲ್ಲಿ ಕೆಡಿಎಂ6ಬಿ ಎಂಬ ಜೀನ್ ಚುರುಕಾಗಿ, ಡಿಎಂಆರ್‌ಟಿ1 ಎಂಬ ಇನ್ನೊಂದು ಜೀನ್‌ನ ಮೇಲೆ ಹಾಕಿದ್ದ ರಾಸಾಯನಿಕ ಬೀಗವನ್ನು ತೆಗೆಯುತ್ತದೆ, ಗ್ರಂಥಿ ವೃಷಣದ ದಾರಿ ಹಿಡಿಯುತ್ತದೆ. ಇದು 2018ರಲ್ಲಿ ಗೊತ್ತಾಯಿತು. ಬೆಚ್ಚಗಿದ್ದಾಗ ಜೀವಕೋಶದೊಳಗೆ ಕ್ಯಾಲ್ಸಿಯಂ ಹೆಚ್ಚಿ ಮತ್ತೊಂದು ಪ್ರೋಟೀನು ಎಚ್ಚರಗೊಳ್ಳುತ್ತದೆ, ಅದು ಆ ಬೀಗ ತೆಗೆಯುವ ಜೀನನ್ನೇ ಅದುಮಿಡುತ್ತದೆ. ಇದು ತಿಳಿದದ್ದು 2020ರಲ್ಲಿ. ಆಗ ಅರೋಮಟೇಸ್ ಎಂಬ ಕಿಣ್ವ ಹೆಚ್ಚಿ, ಗಂಡು ಹಾರ್ಮೋನನ್ನು ಈಸ್ಟ್ರೊಜೆನ್ ಆಗಿ ಬದಲಿಸುತ್ತದೆ, ಗ್ರಂಥಿ ಅಂಡಾಶಯವಾಗುತ್ತದೆ. ಗಂಡಾಗಬೇಕಾದ ಉಷ್ಣಾಂಶದಲ್ಲಿಟ್ಟ ಮೊಟ್ಟೆಯ ಸಿಪ್ಪೆಗೆ ಹೊರಗಿನಿಂದ ಈಸ್ಟ್ರೊಜೆನ್ ಹಚ್ಚಿದರೂ ಹೆಣ್ಣು ಮರಿ ಬರುತ್ತದೆ. ಮೊಟ್ಟೆಯ ಸುತ್ತಲಿನ ಮಣ್ಣಿಗೆ ಈ ಹಾರ್ಮೋನನ್ನು ಹೋಲುವ ರಾಸಾಯನಿಕ ಸೇರಿದರೆ ಏನಾಗಬಹುದು ಎಂಬ ಆತಂಕ ಹುಟ್ಟಿರುವುದು ಇಲ್ಲಿಂದಲೇ.

ಈ ಇಡೀ ಆಟಕ್ಕೆ ಒಂದು ಅವಧಿ ಇದೆ: ಬೆಳವಣಿಗೆಯ ನಡುವಿನ ಮೂರನೇ ಒಂದು ಭಾಗ. ಅರವತ್ತು ದಿನದ ಕಾವಾದರೆ ಅಂದಾಜು 20ನೇ ದಿನದಿಂದ 40ನೇ ದಿನ. ಅದರ ಮೊದಲು ಗ್ರಂಥಿ ಇನ್ನೂ ಸಿದ್ಧವಾಗಿರುವುದಿಲ್ಲ, ಆಮೇಲೆ ದಾರಿ ಮುಚ್ಚಿರುತ್ತದೆ. ಆದ್ದರಿಂದ ಎರಡು ತಿಂಗಳ ಸರಾಸರಿ ತೆಗೆದರೆ ಲಿಂಗದ ಬಗ್ಗೆ ಅದು ಏನೂ ಹೇಳುವುದಿಲ್ಲ. ಮಾರ್ಚ್ ನಡುವೆ ಇಟ್ಟ ಮೊಟ್ಟೆಯ ಈ ಅವಧಿ ಏಪ್ರಿಲ್‌ನ ಒಣ ಬಿಸಿಲಿನಲ್ಲಿ ಕಳೆಯುತ್ತದೆ. ಏಪ್ರಿಲ್ ಎರಡನೇ ವಾರ ಇಟ್ಟದ್ದರ ಅವಧಿ ಭರಣಿ ಮಳೆಗೆ ಸಿಕ್ಕುತ್ತದೆ. ಒಂದು ಜೋರು ಮಳೆ ಮಣ್ಣನ್ನು ತಣಿಸಿದರೆ ಆ ಕುಣಿಯ ಮರಿಗಳ ಗಂಡು ಹೆಣ್ಣಿನ ಪ್ರಮಾಣವೇ ಬದಲಾಗಬಹುದು. ಅದೇ ಮಳೆ ಮೂರು ವಾರ ತಡವಾಗಿ ರೋಹಿಣಿಯಲ್ಲಿ ಬಂದಿದ್ದರೆ ಲಿಂಗಕ್ಕೆ ಅದು ಸಂಬಂಧವೇ ಇಲ್ಲ.

ಈಗ ಮಣ್ಣಿನ ಮಾತು. ಈ ವಿಷಯ ಕೃಷ್ಣೆಯ ದಂಡೆಯ ನಮ್ಮ ಜಿಲ್ಲೆಗಳಲ್ಲಿ ನಿಜಕ್ಕೂ ಮುಖ್ಯವಾಗುವುದು ಇಲ್ಲೇ. ವಿಜಯಪುರ, ಬಾಗಲಕೋಟೆ ಕಡೆ ಏಪ್ರಿಲ್, ಮೇನಲ್ಲಿ ಗಾಳಿಯೇ 40 ಡಿಗ್ರಿ ಮುಟ್ಟುತ್ತದೆ, ಬರಿಗಾಲು ಇಡಲಾಗದಷ್ಟು ನೆಲ ಕಾಯುತ್ತದೆ. ಅಂಥಲ್ಲಿ 31ರಿಂದ 33ರ ಹದ ಹೇಗೆ ಸಿಕ್ಕೀತು? ಉತ್ತರ ಆಳದಲ್ಲಿದೆ. ಮಣ್ಣಿನಲ್ಲಿ ಹಗಲು ರಾತ್ರಿಯ ಏರಿಳಿತ ಪ್ರತಿ 12 ಸೆಂಟಿಮೀಟರಿಗೆ ಸುಮಾರು ಮೂರನೇ ಒಂದಕ್ಕೆ ಇಳಿಯುತ್ತ ಹೋಗುತ್ತದೆ. ಮೇಲ್ಮೈ ಬೆಳಗಿನ ಜಾವ 25, ಮಧ್ಯಾಹ್ನ 55 ಇದೆ ಎಂದಿಟ್ಟುಕೊಳ್ಳಿ. ಅಂತರ 30 ಡಿಗ್ರಿ. 12 ಸೆಂಟಿಮೀಟರ್ ಆಳದಲ್ಲಿ ಆ ಅಂತರ 11ಕ್ಕೆ ಇಳಿದಿರುತ್ತದೆ, 24ರಲ್ಲಿ 4ಕ್ಕೆ, 36ರಲ್ಲಿ ಕೇವಲ ಒಂದೂವರೆಗೆ. ಜೊತೆಗೆ ಬಿಸಿ ಕೆಳಗಿಳಿಯಲು ಹೊತ್ತು ಬೇಕು, ಪ್ರತಿ 12 ಸೆಂಟಿಮೀಟರಿಗೆ ನಾಲ್ಕು ತಾಸಿನ ಹತ್ತಿರ. ಮಧ್ಯಾಹ್ನ ಒಂದೂವರೆಗೆ ನೆಲದ ಮೇಲೆ ಸುಟ್ಟ ಬಿಸಿಲು 36 ಸೆಂಟಿಮೀಟರ್ ಕೆಳಗಿನ ಮೊಟ್ಟೆಗೆ ಮುಟ್ಟುವುದು ರಾತ್ರಿ ಒಂದಕ್ಕೆ. ಊರೆಲ್ಲ ಮಾಳಿಗೆಯ ಮೇಲೆ ತಂಪಿಗೆ ಮಲಗಿದಾಗ ಕುಣಿಯೊಳಗೆ ನಡು ಮಧ್ಯಾಹ್ನ. ಆದ್ದರಿಂದ ಕುಣಿಯ ಬಿಸಿ ಅಳೆಯಲು ಮಧ್ಯಾಹ್ನ ಹೋಗಿ ಒಂದು ಸಲ ಓದಿಕೊಂಡು ಬಂದರೆ ಸಿಗುವುದು ತಪ್ಪು ಅಂಕಿಯೇ. ಗಂಟೆಗೊಮ್ಮೆ ತಾನೇ ದಾಖಲಿಸುವ ಚಿಕ್ಕ ಲಾಗರ್ ಬೇಕು, ಅದೂ ಮೊಟ್ಟೆಯ ಆಳದಲ್ಲಿ.

ಆಳ ಒಂದೇ ಆದರೂ ಮಣ್ಣು ಬೇರೆಯಾದರೆ ಕಥೆ ಬೇರೆ. ಹೊಳೆಯ ಮರಳು, ಮರಳು ಬೆರೆತ ಮೆಕ್ಕಲು ಮೊಸಳೆಗೆ ಇಷ್ಟ, ಕಾರಣ ಗಾಳಿ. ಮೊಟ್ಟೆ ಸಿಪ್ಪೆಯ ಸಣ್ಣ ರಂಧ್ರಗಳ ಮೂಲಕ ಉಸಿರಾಡುತ್ತದೆ, ಬಿಸಿ ಹೆಚ್ಚಾದಷ್ಟೂ ಆಮ್ಲಜನಕದ ಬೇಡಿಕೆ ಹೆಚ್ಚು, ಕೊನೆಯ ಮೂರನೇ ಭಾಗದಲ್ಲಿ ಅತಿ ಹೆಚ್ಚು. ಎರೆ ಮಣ್ಣು ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ಆ ಬಿರುಕಿನಲ್ಲಿ ಹೊರಗಿನ ಬಿಸಿಗಾಳಿ ನೇರ ಮೊಟ್ಟೆಯ ಮಟ್ಟಕ್ಕೆ ಇಳಿಯುತ್ತದೆ, ಮೇಲೆ ಹೇಳಿದ ಲೆಕ್ಕವೆಲ್ಲ ಕೆಡುತ್ತದೆ, ಮೊಟ್ಟೆಯೂ ಒಣಗುತ್ತದೆ. ಮಳೆ ಬಿದ್ದರೆ ಅದೇ ಎರೆ ಉಬ್ಬಿ, ರಾಡಿಯಾಗಿ, ಒಂದು ರಂಧ್ರವೂ ಉಳಿಯದಂತೆ ಮುಚ್ಚಿಕೊಳ್ಳುತ್ತದೆ. ಹುಟ್ಟಲು ವಾರವಷ್ಟೇ ಉಳಿದ ಮರಿಗಳು ಉಸಿರುಕಟ್ಟಿ ಸಾಯುವುದು ಹೀಗೆ. ದಂಡೆಯ ಮರಳನ್ನು ಎತ್ತಿ ಒಯ್ದ ಮೇಲೆ ಕೆಳಗೆ ಉಳಿಯುವುದು ಗಟ್ಟಿ ಜೇಡಿ. ಮೊಸಳೆಗೆ ಜಾಗ ಕಡಿಮೆಯಾಯಿತು ಎನ್ನುವುದಕ್ಕಿಂತ, ಅದಕ್ಕಿದ್ದ ಕಾವುಪೆಟ್ಟಿಗೆಯನ್ನೇ ಒಯ್ದರು ಎನ್ನುವುದು ಸರಿಯಾದ ಮಾತು.

ಓತಿಕೇತ ಆಳಕ್ಕೆ ಹೋಗುವುದಿಲ್ಲ, ನಾಲ್ಕಾರು ಬೆರಳು ಮಣ್ಣಷ್ಟೇ. ಅಲ್ಲಿ ಹಗಲಿಗೂ ರಾತ್ರಿಗೂ ದೊಡ್ಡ ಅಂತರ. ಸರಾಸರಿ ಹೇಗೆ ಮೋಸ ಮಾಡುತ್ತದೆ ಎಂಬುದು ಇಂಥ ಗೂಡಿನಲ್ಲಿ ಸ್ಪಷ್ಟ. ಲೆಕ್ಕಕ್ಕೆಂದು ಒಂದು ಮೊಟ್ಟೆಯ ಬೆಳವಣಿಗೆ 22 ಡಿಗ್ರಿಗೆ ನಿಲ್ಲುತ್ತದೆ, ಅದರ ಮೇಲಿನ ಪ್ರತಿ ಡಿಗ್ರಿಗೆ ಗಂಟೆಗೆ ಒಂದು ಪಾಲು ಬೆಳೆಯುತ್ತದೆ ಎಂದುಕೊಳ್ಳಿ. ಒಂದು ಗೂಡು ಇಡೀ ದಿನ 30 ಡಿಗ್ರಿ: ಗಂಟೆಗೆ 8 ಪಾಲು, ದಿನಕ್ಕೆ 192. ಇನ್ನೊಂದು ಹನ್ನೆರಡು ತಾಸು 26, ಹನ್ನೆರಡು ತಾಸು 34: ರಾತ್ರಿ 48 ಪಾಲು, ಹಗಲು 144, ಒಟ್ಟು ಅದೇ 192. ಸರಾಸರಿಯೂ ಒಂದೇ, ಮೊಟ್ಟೆ ಒಡೆಯುವ ದಿನವೂ ಒಂದೇ. ಆದರೆ ಎರಡನೆಯ ಗೂಡಿನ ಮರಿ ತನ್ನ ಮೈಯ ಮುಕ್ಕಾಲು ಪಾಲನ್ನು ಕಟ್ಟಿಕೊಂಡದ್ದು 34 ಡಿಗ್ರಿಯಲ್ಲಿ. ಗ್ರಂಥಿಗೆ ಬೇಕಾದದ್ದು ಗಡಿಯಾರದ ಲೆಕ್ಕವಲ್ಲ, ಬೆಳವಣಿಗೆಯ ಲೆಕ್ಕ: ಅರ್ಧಕ್ಕಿಂತ ಹೆಚ್ಚು ಬೆಳವಣಿಗೆ ಗಂಡು ಹೆಣ್ಣನ್ನು ಬೇರ್ಪಡಿಸುವ ಉಷ್ಣಾಂಶದ ಗಡಿಯ ಯಾವ ಬದಿಗೆ ನಡೆಯಿತು ಎಂಬುದು. ಆಸ್ಟ್ರೇಲಿಯದ ಆರ್ಥರ್ ಜಾರ್ಜಸ್ 1989ರಲ್ಲಿ ಆಮೆಗಳಿಗೆ ಇದನ್ನೇ ಸೂತ್ರವಾಗಿ ಕೊಟ್ಟರು. ಈಗ ಗೂಡಿನ ದಾಖಲೆಯಿಂದ ಲಿಂಗ ಊಹಿಸುವಾಗ ಈ ಬಗೆಯ ಲೆಕ್ಕವನ್ನೇ ಬಳಸುತ್ತಾರೆ.

ಹಾವುಗಳ ಬಗ್ಗೆ ಒಂದು ತಪ್ಪು ನಂಬಿಕೆ ಹಬ್ಬಿದೆ, ಅವುಗಳಲ್ಲೂ ಬಿಸಿಯೇ ಲಿಂಗ ನಿರ್ಧರಿಸುತ್ತದೆಂದು. ಹಾಗಿಲ್ಲ. ಹಾವಿನ ಲಿಂಗ ವರ್ಣತಂತುವಿನಿಂದಲೇ. ಆದರೆ ಉಳಿದೆರಡು ಕೆಲಸ, ವೇಗ ಮತ್ತು ಮೈಕಟ್ಟು, ಇಲ್ಲೂ ಕಾವಿನದೇ. ಕಾವಿನ ಉಷ್ಣಾಂಶ ಬದಲಾದರೆ ಕೆಲವು ಹಾವುಗಳಲ್ಲಿ ಹೊಟ್ಟೆಯ ಹುರುಪೆಗಳ ಸಂಖ್ಯೆಯೂ ಬದಲಾಗುತ್ತದೆ. ಮೊಸಳೆಯ ಬಂಧುವಾದ ಅಮೆರಿಕದ ಅಲಿಗೇಟರ್‌ನಲ್ಲಿ 33 ಡಿಗ್ರಿಯಲ್ಲಿ ಬೆಳೆದ ಮರಿಗೆ 30ರಲ್ಲಿ ಬೆಳೆದದ್ದಕ್ಕಿಂತ ಮೈಮೇಲೆ ಒಂದು ಪಟ್ಟೆ ಹೆಚ್ಚು. ಹಲವು ಜಾತಿಗಳಲ್ಲಿ ಅತಿ ಬಿಸಿಯ ಮರಿ ಅವಸರದಲ್ಲಿ ಹೊರಬೀಳುತ್ತದೆ: ಮೈ ಚಿಕ್ಕದು, ಬಳಕೆಯಾಗದ ಹಳದಿ ಹೊಟ್ಟೆಯಲ್ಲಿ ದಪ್ಪಗೆ ಉಳಿದಿರುತ್ತದೆ.

ನಾಗರಹಾವು, ಕೆರೆಹಾವುಗಳ ಮೊಟ್ಟೆಗೆ ಸುಮಾರು ಎರಡು ತಿಂಗಳು ಬೇಕು. ಕಬ್ಬಿನ ರವದಿಯ ಕೆಳಗೆ, ಇಲಿಯ ಬಿಲದಲ್ಲಿ, ತಿಪ್ಪೆಯ ಅಂಚಿನಲ್ಲಿ ಅವು ಸಿಗುವುದು ಹದವಾದ ಬಿಸಿ ಮತ್ತು ತೇವ ಎರಡೂ ಅಲ್ಲಿರುವುದರಿಂದ. ತಿಪ್ಪೆಯ ನಡುವೆ ಗೊಬ್ಬರ ಕಳಿಯುವಾಗ 50 ಡಿಗ್ರಿ ದಾಟುತ್ತದೆ, ಅಲ್ಲಿ ಮೊಟ್ಟೆ ಬೆಂದೇ ಹೋಗುತ್ತದೆ, ಹಾಗಾಗಿ ಅಂಚು. ಹೆಬ್ಬಾವು ಮಾತ್ರ ಮೊಟ್ಟೆಗಳ ಸುತ್ತ ಸುತ್ತಿ, ಸ್ನಾಯುಗಳನ್ನು ನಡುಗಿಸಿ ತಾನೇ ಬಿಸಿ ಮಾಡುತ್ತದೆ. ಕೊಳಕುಮಂಡಲ ಮರಿ ಹಾಕುವ ಹಾವು. ಗಬ್ಬದ ಹಾವು ಬಿಸಿಲಿಗೆ ಮೈ ಒಡ್ಡಿ, ನೆರಳಿಗೆ ಸರಿದು, ಹೊಟ್ಟೆಯೊಳಗಿನ ಮರಿಗಳಿಗೆ ಹದ ಕಾಯುತ್ತದೆ.

ಮೇ ತಿಂಗಳಲ್ಲಿ ಗೊಬ್ಬರ ಹೇರುವಾಗಲೋ ಜೆಸಿಬಿ ದಂಡೆ ಅಗೆಯುವಾಗಲೋ ಮೊಟ್ಟೆ ಕಂಡರೆ ಮೊದಲ ನಿಯಮ: ಮುಟ್ಟದೆ, ಅದೇ ಮಣ್ಣನ್ನು ಮೆತ್ತಗೆ ಮುಚ್ಚಿ, ಅರಣ್ಯ ಇಲಾಖೆಗೆ ತಿಳಿಸುವುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಸರೀಸೃಪಗಳ ಮೊಟ್ಟೆ ಕೆಡಿಸುವುದು, ಗೂಡು ಕದಡುವುದು 'ಬೇಟೆ'ಯ ವ್ಯಾಖ್ಯೆಯೊಳಗೇ ಬರುತ್ತದೆ. ನೀರು ಏರಿ ಬರುತ್ತಿದೆ, ಸ್ಥಳಾಂತರ ಬಿಟ್ಟು ಬೇರೆ ದಾರಿಯಿಲ್ಲ ಎಂದಾದಾಗ ಇಲಾಖೆಯವರು ಮಾಡುವ ಕೆಲಸದಲ್ಲಿ ಸೋಲು ಹೆಚ್ಚಾಗಿ ಒಂದೇ ಕಾರಣಕ್ಕೆ ಬರಬಹುದು: ಮೊಟ್ಟೆ ಉರುಳುವುದು.

ಕೋಳಿ ಮೊಟ್ಟೆಯೊಳಗೆ ಹಳದಿಯನ್ನು ಎರಡೂ ತುದಿಗೆ ಕಟ್ಟಿ ಹಿಡಿಯುವ ಬಿಳಿ ಹುರಿಗಳಿವೆ, ಹೊರಳಿಸಿದರೂ ಭ್ರೂಣ ಮೇಲೆಯೇ ತೇಲಿ ಬರುತ್ತದೆ. ಸರೀಸೃಪದ ಮೊಟ್ಟೆಯಲ್ಲಿ ಆ ಹುರಿ ಇಲ್ಲ. ಇಟ್ಟ ಒಂದು ದಿನದೊಳಗೆ ಭ್ರೂಣ ಸಿಪ್ಪೆಯ ಮೇಲ್ಭಾಗದ ಒಳಪೊರೆಗೆ ಅಂಟಿಕೊಳ್ಳುತ್ತದೆ. ಮೊಸಳೆ ಮೊಟ್ಟೆಯಲ್ಲಿ ಇದು ಹೊರಗಿನಿಂದಲೇ ಕಾಣುತ್ತದೆ. ಹೊಸ ಮೊಟ್ಟೆ ಬೆಳಕಿಗೆ ಹಿಡಿದರೆ ಮಸುಕು ಗಾಜಿನಂತೆ ಒಂದೇ ಬಣ್ಣ. ಅಂಟಿಕೊಂಡ ಜಾಗದಲ್ಲಿ ಒಳಪೊರೆಯ ನೀರು ಆರಿ, ಸುಣ್ಣದ ಬೊಟ್ಟಿನಂತೆ ಅಚ್ಚ ಬಿಳಿ ಕಲೆ ಮೂಡುತ್ತದೆ. ದಿನ ಕಳೆದಂತೆ ಆ ಕಲೆ ಎರಡೂ ಬದಿಗೆ ಇಳಿದು ನಡುವಿಗೆ ಕಟ್ಟಿದ ಪಟ್ಟಿಯಾಗುತ್ತದೆ, ಆಮೇಲೆ ತುದಿಗಳತ್ತ ಹರಡುತ್ತದೆ. ಪಟ್ಟಿ ಬೆಳೆಯುತ್ತಿದ್ದರೆ ಜೀವ ಇದೆ. ವಾರವಾದರೂ ಕಲೆಯೇ ಮೂಡದಿದ್ದರೆ ಮೊಟ್ಟೆ ಬರಡು. ಕಲೆ ಮೂಡಿದ ಮೇಲೆ ಉರುಳಿಸಿದರೆ ಹಳದಿಯ ಭಾರ ಭ್ರೂಣದ ಮೇಲೆ ಬೀಳುತ್ತದೆ, ಸೂಕ್ಷ್ಮ ರಕ್ತನಾಳಗಳು ಹರಿಯುತ್ತವೆ.

ಹಾಗಾಗಿ ಕ್ರಮ ಹೀಗಿರಬೇಕು. ಬೆಳಗಿನ ತಂಪಿನಲ್ಲಿ, ಕೈಯಿಂದಲೇ ಮಣ್ಣು ಸರಿಸಿ, ಪ್ರತಿ ಮೊಟ್ಟೆಯ ಮೇಲ್ಭಾಗಕ್ಕೆ ಪೆನ್ಸಿಲ್‌ನಿಂದ ಗುರುತು ಹಾಕಬೇಕು. ಮಾರ್ಕರ್ ಬೇಡ, ಅದರ ದ್ರಾವಕ ಸಿಪ್ಪೆಯೊಳಗೆ ಇಳಿಯುತ್ತದೆ. ಅದೇ ಕುಣಿಯ ಮಣ್ಣು ಹಾಸಿದ ಪೆಟ್ಟಿಗೆಯಲ್ಲಿ ಗುರುತು ಮೇಲೆ ಬರುವಂತೆ ಇಟ್ಟು, ನಡುವೆ ಮಣ್ಣು ತುಂಬಬೇಕು. ಹಾವಿನ ಮೊಟ್ಟೆಗಳು ಒಂದಕ್ಕೊಂದು ಅಂಟಿ ಗೊಂಚಲಾಗಿದ್ದರೆ ಬಿಡಿಸಬಾರದು, ಸಿಪ್ಪೆ ಹರಿಯುತ್ತದೆ. ಟ್ರಾಕ್ಟರ್ ಟ್ರಾಲಿಯ ಕುಲುಕಾಟದಲ್ಲಿ ಒಯ್ಯುವುದಕ್ಕಿಂತ ತೊಡೆಯ ಮೇಲೆ ಇಟ್ಟುಕೊಂಡು ಕಾರಿನಲ್ಲಿ ಹೋಗುವುದು ಮೇಲು. ನಿಂತ ಕಾರನ್ನು ಬಿಸಿಲಲ್ಲಿ ಬಿಟ್ಟರೆ ಅರ್ಧ ತಾಸು ಸಾಕು, ಎಲ್ಲ ಮುಗಿಯುತ್ತದೆ.

ಕಾವುಪೆಟ್ಟಿಗೆಯಲ್ಲಿ ಹಾಸಲು ಸೋಸಿ ತೊಳೆದ ಹೊಳೆಯ ಮರಳು, ಒಣ ಮರಳು ಒಂದು ಕಿಲೋಗೆ 70ರಿಂದ 80 ಮಿಲಿಲೀಟರ್ ನೀರು. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಹನಿ ತೊಟ್ಟಿಕ್ಕಬಾರದು. ವರ್ಮಿಕ್ಯುಲೈಟ್ ಎಂಬ ನೀರು ಹಿಡಿದಿಡುವ ಹಗುರ ಖನಿಜ ಆದರೆ ತೂಕಕ್ಕೆ ತೂಕ ನೀರು. ಥರ್ಮಾಮೀಟರನ್ನು ಮೊದಲು ಪುಡಿ ಮಂಜುಗಡ್ಡೆ ಮತ್ತು ನೀರಿನ ಗಂಜಿಯಲ್ಲಿ ಅದ್ದಿ ಸೊನ್ನೆ ತೋರಿಸುತ್ತದೆಯೇ ನೋಡಬೇಕು. ಅಳೆಯುವ ಕಡ್ಡಿ ಮೊಟ್ಟೆಗಳ ನಡುವೆ ಇರಬೇಕು, ಪೆಟ್ಟಿಗೆಯ ಗಾಳಿಯಲ್ಲಲ್ಲ. ಕೊನೆಯ ವಾರಗಳಲ್ಲಿ ಭ್ರೂಣಗಳೇ ಬಿಸಿ ಉತ್ಪಾದಿಸುವುದರಿಂದ ರಾಶಿಯ ನಡುವೆ ಒಂದೆರಡು ಡಿಗ್ರಿ ಹೆಚ್ಚಿರುತ್ತದೆ.

ನಮ್ಮ ಕಡೆ ಮೇ ತಿಂಗಳಲ್ಲಿ ಎದುರಾಗುವ ತೊಂದರೆ ಪುಸ್ತಕಗಳಲ್ಲಿ ಇರುವುದಕ್ಕೆ ತಿರುಗುಮುರುಗು. ಪತ್ರಾಸಿನ ಕೋಣೆಯ ಗಾಳಿಯೇ 38 ಡಿಗ್ರಿ ಇರುವಾಗ ಹೀಟರ್ ಮಾತ್ರ ಇರುವ ಪೆಟ್ಟಿಗೆ ಬಿಸಿ ಮಾಡಬಲ್ಲದು, ತಣಿಸಲಾರದು. 32ಕ್ಕೆ ಇಟ್ಟ ಥರ್ಮೊಸ್ಟಾಟ್ (ಬಿಸಿ ನೋಡಿ ಹೀಟರ್ ಹಚ್ಚುವ, ಆರಿಸುವ ಸಾಧನ) ಹೀಟರ್ ಆರಿಸಿ ಕೂತಿರುತ್ತದೆ, ಒಳಗೆ 37. ದಪ್ಪ ಕಲ್ಲುಗೋಡೆಯ, ಮಣ್ಣಿನ ಮಾಳಿಗೆಯ ಹಳೆಯ ಕೋಣೆ ಇದಕ್ಕೆ ಹೇಳಿಮಾಡಿಸಿದ ಜಾಗ. ಅದಿಲ್ಲದಿದ್ದರೆ ನೆರಳಿನಲ್ಲಿ ಅರ್ಧ ಮೀಟರ್ ಕುಣಿಯಲ್ಲಿ ಪೆಟ್ಟಿಗೆ ಇಳಿಸುವುದು, ಅಂದರೆ ಮೊಸಳೆ ಮಾಡಿದ್ದನ್ನೇ ಮಾಡುವುದು. ಕರೆಂಟು ಹೋಗುವುದಕ್ಕೆ ಹೆಚ್ಚು ಹೆದರಬೇಕಿಲ್ಲ, ಪೆಟ್ಟಿಗೆಯಲ್ಲಿ ನಾಲ್ಕಾರು ನೀರಿನ ಬಾಟಲಿ ಇಟ್ಟರೆ ಅವು ತಾಸುಗಟ್ಟಲೆ ಬಿಸಿ ಹಿಡಿದಿಡುತ್ತವೆ. ಹೆದರಬೇಕಾದದ್ದು ಥರ್ಮೊಸ್ಟಾಟ್ ಕೆಟ್ಟು ಹೀಟರ್ ಆರದೇ ಉಳಿಯುವುದಕ್ಕೆ. ಅದೇ ತಂತಿಯ ಮೇಲೆ ಇನ್ನೊಂದು ಥರ್ಮೊಸ್ಟಾಟ್ ಜೋಡಿಸಿ, ಒಂದು ಡಿಗ್ರಿ ಮೇಲೆ ಕಟ್ ಆಗುವಂತೆ ಇಟ್ಟರೆ ಮೊಟ್ಟೆ ಉಳಿಯುತ್ತವೆ.

ಸ್ಥಳಾಂತರಿಸಿದವರು ಇನ್ನೊಂದನ್ನು ಯೋಚಿಸಲೇಬೇಕು. ಪೆಟ್ಟಿಗೆಯನ್ನು ಜೋಪಾನಕ್ಕೆಂದು ಎರಡು ತಿಂಗಳೂ 30ರಲ್ಲಿ ಇಟ್ಟರೆ ಮರಿಗಳೆಲ್ಲ ಆರೋಗ್ಯವಾಗಿ ಬರುತ್ತವೆ, ಎಲ್ಲವೂ ಹೆಣ್ಣು. ವರ್ಷ ವರ್ಷ ಹಾಗೇ ಬಿಟ್ಟರೆ ಹೊಳೆಯ ಲೆಕ್ಕ ತಪ್ಪುತ್ತದೆ. ನಿಸರ್ಗದ ಕುಣಿಯಲ್ಲಿ ಮೇಲಿನ ಸಾಲು ಬೆಚ್ಚಗೆ, ಕೆಳಗಿನದು ತುಸು ತಂಪು, ಹಾಗಾಗಿ ಒಂದೇ ಕುಣಿಯಲ್ಲಿ ಎರಡೂ ಬರಬಹುದು. ಬಿಸಿಯೇರುತ್ತಿರುವ ಜಗತ್ತಿನಲ್ಲಿ ಗಂಡು ಹೆಣ್ಣಿನ ಲೆಕ್ಕ ಒಂದೇ ಕಡೆ ವಾಲುವುದು ಊಹೆಯ ಮಾತಲ್ಲ. ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ರೀಫ್‌ನ ಉತ್ತರದ ದ್ವೀಪಗಳಲ್ಲಿ ಹುಟ್ಟಿದ ಎಳೆಯ ಹಸಿರು ಕಡಲಾಮೆಗಳಲ್ಲಿ ಶೇ. 99ಕ್ಕೂ ಹೆಚ್ಚು ಹೆಣ್ಣು ಎಂದು 2018ರ ಅಧ್ಯಯನ ತೋರಿಸಿತು.

ದಂಡೆಯ ಮೇಲಿನ ಕುಣಿಯಲ್ಲಿ ಮೇಲಿನ ಸಾಲು ಮುಂದೆ, ಕೆಳಗಿನದು ಹಿಂದೆ ಬೆಳೆದಿದ್ದರೂ ಮರಿಗಳು ಹೊರಬರುವುದು ಒಟ್ಟಿಗೆ. ಮಿರುಗ (ಮೃಗಶಿರಾ ಮಳೆ) ಹತ್ತಿರ ಬಂದಾಗ ಬಲಿತ ಮರಿ ಸಿಪ್ಪೆಯೊಳಗಿನಿಂದಲೇ ಕೂಗು ಹಾಕುತ್ತದೆ, ಪಕ್ಕದ್ದು ಮಾರುತ್ತರ ಕೊಡುತ್ತದೆ. ಆ ಸದ್ದಿಗೆ ತಾಯಿ ನೀರಿನಿಂದ ಎದ್ದು ಬಂದು, ಎರಡು ತಿಂಗಳ ಹಿಂದೆ ತಾನೇ ಒತ್ತಿ ಮುಚ್ಚಿದ ಗಟ್ಟಿ ಮಣ್ಣನ್ನು ಕೆದರಿ ತೆಗೆಯುತ್ತದೆ. ಹೆದರಿಸಿ ಅದನ್ನು ಓಡಿಸಿದ್ದರೆ, ಬೇರೆಡೆ ಹಿಡಿದು ಒಯ್ದಿದ್ದರೆ, ಕಾವು ಎಷ್ಟೇ ಹದವಾಗಿ ಸಿಕ್ಕಿದ್ದರೂ ಮರಿಗಳು ಆ ಮಣ್ಣಿನ ಕೆಳಗೇ ಉಳಿಯುತ್ತವೆ.